ಎದುರು ಕೂತವರ ಎಡ

ಓಬೋಕ್‌ನ ಗಾಳಿಗೆ ಮರಳು ತಿನ್ನಿಸುವುದೇ ಕೆಲಸ.
ಫಾರಮ್ಮಿನ ಮೇಲೆ ಕಲ್ಲಿಟ್ಟು ಬರೆಯುತ್ತೇನೆ.
ಹೆಸರು? ಇಬ್ಸಾ.
ವಯಸ್ಸು? ಹನ್ನೊಂದೋ ಹದಿಮೂರೋ,
ಹದಿನೆಂಟು ಅನ್ನು ಅಂದಿದ್ದನಂತೆ ದಳ್ಳಾಳಿ.
ಊರು? ನಮ್ಮೂರು.
ತಾಯಿಯ ಹೆಸರು?
ಹುಡುಗ ನನ್ನನ್ನು ಪೆದ್ದಿಯೆಂಬಂತೆ ನೋಡಿದ:
'ಆಯ್ಯೋ.'

ಆಯ್ಯೋ. ನೋವಿಗಲ್ಲ,
ಅವನ ಗುಡ್ಡಗಳ ಮಾತಿನಲ್ಲಿ
ಅಮ್ಮನನ್ನು ಕರೆಯುವುದೇ ಹಾಗೆ.
ಕಾಲಮ್ಮಿನಲ್ಲಿ ಅದನ್ನೇ ಬರೆದೆ, ಇನ್ನೇನು ಬರೆಯಲಿ.
ಹರರ್ಗೆಯ ಅಷ್ಟೂ ಗುಡ್ಡಗಳಲ್ಲಿ
ಹೆತ್ತವಳೆಲ್ಲ ಅದೇ ಹೆಸರಿನವಳು.

ಮಾರನೆಯ ದಿನ ಬಿಸ್ಕತ್ತಿನ ರಟ್ಟು ಹರಿದು ಕೊಟ್ಟೆ,
ಒಂದು ಇದ್ದಿಲಿನ ಚೂರು.
ಬರೆ, ಬಾಗಿಲು ದಾಟಿದರೆ ಏನು ಕಾಣುತ್ತದೆ?
ಮಲಗಿದ ಒಂಟೆಯಂಥ ಗುಡ್ಡ, ಡುಬ್ಬ ಒಂದು ಕಡೆ ಕುಸಿದದ್ದು.
ಹಿಟ್ಟಿನ ಗಿರಣಿ. ಅದರ ತಗಡಿನ ಬಾಗಿಲು ನೀಲಿ,
ಅಂದ, ಕಪ್ಪು ಇದ್ದಿಲನ್ನು ಒತ್ತಿ ಒತ್ತಿ ತುಂಬುತ್ತ.
ಗುರುವಾರದ ಸಂತೆಗೆ ಹೋಗುವ ದಾರಿ.
ಆಮೇಲೆ ಒಂದು ಮೇಕೆ; ಬರೆದವನೇ
ಅಂಗೈಯಿಂದ ಉಜ್ಜಿಬಿಟ್ಟ.
ಏನದು ಅಂದೆ. ಏನಿಲ್ಲ ಅಂದ.

ಚಿತ್ರ ಫೋನಿನಲ್ಲಿ ದಿರೆ ದಾವಾಕ್ಕೆ ಹೋಯಿತು, ಬಕ್ರಿಗೆ.
ಬಕ್ರಿ ಬೈಕಿನಲ್ಲಿ ಮೂರು ಜಿಲ್ಲೆ ಸುತ್ತಿದ.
ಒಂಟೆಗುಡ್ಡ ಊರಿಗೊಂದಿದೆ ಮಾರಾಯ್ತಿ, ಎಂದು ಬೈದ.
ಕೊನೆಗೊಂದು ಗಿರಣಿ. ಬಾಗಿಲು ಹಸಿರು.
ಚಕ್ಕೆ ಎದ್ದ ಕಡೆ ಉಗುರಿನಿಂದ ಕೆರೆದು ನೋಡಿದನಂತೆ.
ಕೆಳಗೆ ನೀಲಿ.
ಗಿರಣಿಯವನು ಹುಬ್ಬಿನ ಹಿಟ್ಟು ಕೊಡವಿ ಬೆರಳು ತೋರಿದ:
ಮೆಟ್ಟಿಲುಹೊಲದಲ್ಲಿ ಕಳೆ ಕೀಳುತ್ತಿದ್ದವಳು, ಮೊಮಿನಾ.

ನಿಯಮ ನಿಯಮವೇ. ಅವಳು ಕೇಳುವ ಮೊದಲು ನಾವು ಕೇಳಬೇಕು.
ಮಗನ ಮೈಮೇಲೆ ಗುರುತು?
ಎಡ ಮೊಣಕಾಲು, ಅಂದಳು. ಕುಡುಗೋಲಿನ ಗಾಯ, ಅರ್ಧಚಂದ್ರ.
ನನ್ನ ಫಾರಮ್ಮಿನಲ್ಲಿ: ಬಲ ಮೊಣಕಾಲು.

ಕಡತ ನಿಂತಿತು.
ನನ್ನ ಮಗು ಎಂದು ಯಾರದೋ ಮಗುವನ್ನು
ಕೈಹಿಡಿದು ನಡೆಸಿಕೊಂಡು ಹೋದವರನ್ನು ಕಂಡಿದ್ದೇವೆ.
ಹನ್ನೊಂದು ದಿನ.
ಆ ಹನ್ನೊಂದೂ ದಿನ ಅವಳು ಎಡ, ಎಡ ಎನ್ನುತ್ತಲೇ ಇದ್ದಳಂತೆ,
ಬಕ್ರಿಗೆ, ಗಿರಣಿಯವನಿಗೆ, ಕೈಯಲ್ಲಿದ್ದ ಕಳೆಗೆ.

ಹನ್ನೆರಡನೆಯ ಬೆಳಿಗ್ಗೆ ಚಹಾಕ್ಕೆಂದು
ಹುಡುಗ ಬಂದು ಎದುರು ಕುಕ್ಕರಗಾಲಿನಲ್ಲಿ ಕೂತ.
ಗಾಯ ನನ್ನ ಬಲಗೈ ಕಡೆಗಿತ್ತು.
ನನ್ನ ಬಲ.
ಅವನದಲ್ಲ.
ಲೋಟ ಕೆಳಗಿಟ್ಟೆ.
ಎಷ್ಟು ವರ್ಷ ಎದುರು ಕೂತೇ ಬರೆದಿದ್ದೇನೆ,
ಎಷ್ಟು ಮೊಣಕಾಲು, ಎಷ್ಟು ಹುಬ್ಬು, ಎಷ್ಟು ಕಿವಿಯ ತೂತು.

ಫೋನು. ಅತ್ತ ಕೋಳಿ, ಗಾಳಿ, ಉಸಿರು.
ಇತ್ತ ಇವನಿಗೆ ಕಿವಿಯಿದೆ, ಬಾಯಿಲ್ಲ.
ತುಂಬ ಹೊತ್ತಿಗೆ ಅಂದ: ಕೆಂಪು ಮೇಕೆ ನಾನೇ ಮಾರಿದ್ದು.
ಗೊತ್ತು.
ದುಡ್ಡು ದಳ್ಳಾಳಿಗೆ ಕೊಟ್ಟೆ.
ಗೊತ್ತು. ಎಷ್ಟಕ್ಕೆ ಮಾರಿದೆ?
ಎರಡು ಸಾವಿರದ ಇನ್ನೂರು ಬಿರ್.
ಸ್ವಲ್ಪ ಹೊತ್ತು ಬರೀ ಕೋಳಿ. ಆಮೇಲೆ,
'ಗಬ್ಬದ ಮೇಕೆ ಕಣೋ ಅದು! ಮೋಸ ಹೋದೆಯಲ್ಲೋ!'
ಆಗ ಅತ್ತ.
ಅತ್ತಲೂ ಅದೇ.

ಮೂರು ವಾರಕ್ಕೆ ಬಸ್ಸು. ಹೊಸ ಚಪ್ಪಲಿ, ಅದೂ ದೊಡ್ಡದು.
ರಟ್ಟನ್ನು ಕೇಳಿ ಇಸಿದುಕೊಂಡು ಹೋದ;
ಮೇಕೆ ಉಜ್ಜಿದ ಕಡೆ ಇನ್ನೂ ಮಸಿಯಿತ್ತು.

ಈಗ ಎದುರಿಗೊಬ್ಬಳು, ಎಂಟು ವರ್ಷವಿದ್ದೀತು.
ಕುರ್ಚಿಯಿಂದ ಎದ್ದು ಅವಳ ಪಕ್ಕಕ್ಕೆ ಹೋಗಿ ಕೂತೆ.
ಅವಳು ಒಂದು ಮೊಳ ಸರಿದಳು.
ಈ ಗಡಿಬಿಡಿಯಲ್ಲಿ ಕಲ್ಲಿಡುವುದು ಮರೆತು
ಫಾರಮ್ಮು ಹಾರಿ, ಕಡಲಿನತ್ತ.
ಅವಳೇ ಓಡಿ ಹಿಡಿದು ತಂದಳು.
ಹೆಸರು ಹೇಳಲಿಲ್ಲ.
ಹುಡುಕಿ ಹುಡುಕಿ, ಕಲ್ಲೊಂದನ್ನು ತಂದು ಅದರ ಮೇಲಿಟ್ಟಳು.