ಟೇಸನ್ ಹೂವು

ದುಧನಿ ಟೇಸನ್ದಾಗ ಒಬ್ಬ ಮಾಸ್ತರ ಇದ್ದ.
ಅವನ ಹೆಸರು ಈಗ ಯಾರಿಗೂ ನೆನಪಿಲ್ಲ.
ಬದಲಿ ಆದಾಗ ಟ್ರಂಕು ಒಯ್ದ, ಬೆತ್ತದ ಕುರ್ಚಿ ಒಯ್ದ,
ಹೂವಿನ ಮಡಿ ಬಿಟ್ಟು ಹೋದ.
ಬೀಜಕ್ಕ ತಿಕೀಟು ಬೇಕಿಲ್ಲ.
ಗೂಡ್ಸು ಗಾಡಿಯ ಗಾಳಿ ಹಿಡಿದು ಹಳಿಗುಂಟ ಹಾರಿ
ತೊಗರಿ ಹೊಲದ ಬದುವಿಗೆ,
ಬದುವಿನಿಂದ ನಮ್ಮ ಓಣಿಯ ತಿಪ್ಪಿಯ ಮಗ್ಗಲಕ್ಕ ಬಂದು
ಒಂದು ದಸರೆಯ ಮುಂಜಾನೆ ಅರಳಿ ನಿಂತಿತು,
ಕಿತ್ತಳೆ, ಹಳದಿ,
ಸುಮ್ಮನ ಇರಲಾರದ ಕುತ್ತಿಗಿ.

ಸಾಲಿ ಪುಸ್ತಕದಾಗ ಕಾಸ್ಮಾಸ್.
ನಮ್ಮ ಮಂದಿಗೆ ಟೇಸನ್ ಹೂ.
ದೇವರಿಗೆ ಏರಲಿಲ್ಲ, ವಾಸನಿ ಇಲ್ಲ.
ಹೆರಳಿಗೆ ನಿಲ್ಲಲಿಲ್ಲ,
ಮುಡಿದು ಬಾವಿ ಮುಟ್ಟೂದರಾಗ ಬಾಡತಿತ್ತು.
ಆಡು ಸೈತ ಮೂಸಿ ಮುಂದ ಹೋತು.
ಹೂವಾಗಿ ಹುಟ್ಟಿ ಯಾತಕ್ಕೂ ಬರಲಿಲ್ಲ ನೋಡು ಅಂತ
ಓಣಿಯೆಲ್ಲ ಅಂದಿತು.
ನಮ್ಮ ಆಯಿ, ಭೌರವ್ವ ನೀಲಗಾರ, ಅನಲಿಲ್ಲ.

ಆಕಿಯ ಉಗುರಿನ ಬುಡ ಇನ್ನೂ ನೀಲಿ.
ನೀಲಿಯ ಹರವಿ ಒಣಗಿ ನಾಲ್ವತ್ತು ವರ್ಷ.
ಮೈಂದರ್ಗಿಗೆ ಕನ್ಯಾ ನೋಡಲಿಕ್ಕೆ ಹೋದವರು
ಮಾರಿ ನೋಡಲಿಲ್ಲಂತ, ಕೈ ನೋಡಿದರಂತ.
ಮೊಣಕೈ ತನಕ ನೀಲಿ ಇತ್ತು,
ಹುಡುಗಿ ದುಡೀತಾಳ, ಎಲಿ ಅಡಿಕಿ ತರ್ರಿ ಅಂದರಂತ.
ಆಮ್ಯಾಲ ಡಬ್ಬಿ ಬಣ್ಣ ಬಂತು.
ಅಜ್ಜ ಸೊಲ್ಲಾಪುರದ ಗಿರಣಿಗೆ ಹೋದ.
ಗಿರಣಿ ಕಣ್ಣು ಮುಚ್ಚಿತು,
ಎರಡು ವರ್ಷಕ್ಕ ಅಜ್ಜನೂ.

ನಾನು ಕನ್ನಡ ಸಾಲಿಯ ಟೀಚರು, ಓದಿದ್ದು ಹೇಳಿದೆ:
ಆಯೀ, ಈ ಹೂವಿನ ತವರು ಮೆಕ್ಸಿಕೊ,
ಸಮುದ್ರದ ಆಚಿ ದಂಡಿ.
ಅಲ್ಲಿಯ ಮಂದಿ ಇದನ್ನ ಕುದಿಸಿ ಅರಿವಿಗೆ ಬಣ್ಣ ಕಟ್ಟತಿದ್ದರಂತ.
ಸ್ಪೇನದ ಪಾದ್ರಿಗಳು ಬಂದರು, ತೋಟದಾಗ ಹಾಕಿದರು,
ಎಂಟೂ ಎಸಳು ಅಳತಿ ಹಿಡಿದಂಗ ಕುಂತದ್ದು ನೋಡಿ
ಕ್ರಮ ಅನ್ನೂ ಗ್ರೀಕ ಮಾತನ್ನ ಹೆಸರಾಗಿ ಇಟ್ಟರಂತ.
ಅದೇ ಮಾತಿಗೆ ಬ್ರಹ್ಮಾಂಡ ಅಂತಲೂ ಅರ್ಥ ಅದ, ಆಯೀ.

ಆಯಿ ಬ್ರಹ್ಮಾಂಡ ಬಿಟ್ಟಳು, ಕುದಿಸೂದು ಹಿಡಿದಳು.
"ಎಷ್ಟು ಹೊತ್ತು ಕುದಿಸ್ತಾರ? ಫಟಕರಿ ಮೊದಲೋ ಆಮ್ಯಾಲೋ?"
ಪುಸ್ತಕದಾಗ ಅದಿಲ್ಲ ಅಂದೆ.
"ಮತ್ತ ಏನು ಓದಿದಿ?"

ಉಡಿ ತುಂಬ ಹೂ ತಂದಳು.
ಜರ್ಮನ್ ಡಬರಿ, ತೊಗರಿ ಕಟಗಿಯ ಉರಿ,
ಮನಿ ತುಂಬ ಹಸಿ ಮೇವಿನ ವಾಸನಿ.
ಬಿಳೇ ಅರಿವಿ ಮುಳುಗಿಸಿ ಎತ್ತಿದಳು:
ಕಡ್ಲಿಹಿಟ್ಟಿನ ಹಳದಿ, ಸ್ವಲ್ಪ ಸಂಜಿ ಬೆರಸಿದ್ದು.
ಏನು ನೆನಪಾತೋ, ಒಂದು ಬಟ್ಟಲ ನೀರು ಬ್ಯಾರೆ ತೆಗೆದು
ಎಲಿ ಸಂಚಿ ಬಿಚ್ಚಿ
ಬೆರಳ ತುದಿಯ ಸುಣ್ಣ ಅದರಾಗ ಒರಸಿದಳು.
ಬಟ್ಟಲ ಎಲಿ ಹಾಕಿಕೊಂಡಿತು,
ಕೆಂಪಂದರ ಕೆಂಪು.
ಆಯಿ ನಕ್ಕ ಸಪ್ಪಳಕ್ಕ
ಬೆಕ್ಕು ಎದ್ದು ಹೊರಗ ಹೋತು.

ಆಮ್ಯಾಲ ಟ್ರಂಕಿನ ತಳದಿಂದ ತೆಗೆದಳು
ಅಜ್ಜನ ನೀಲಿ ರುಮಾಲು.
ಕಡೀ ಸಲ ಹರವಿಗೆ ಇಳಿಸಿದ ಅರಿವಿ ಅದು,
ಮಡಿಚಿದಲ್ಲಿ ಹರಿದಿತ್ತು.
ಬ್ಯಾಡ ಆಯೀ ಅಂದೆ.
ಆಕಿ ಕೇಳಲಿಲ್ಲ, ಹಳದಿಗೆ ಇಳಿಸಿದಳು.

ಎತ್ತಿದಾಗ ಹಸರ.
ಕುಬಸದ ಸೀರಿಯ ಹಸರ.
ಅಜ್ಜ ಹೋದ ದಿನ ಬಾಗಿಲ ಕಲ್ಲಿಗೆ
ಒಡೆದ ಬಳಿಯ ಹಸರ.
ಹಗ್ಗಕ್ಕ ಹಾಕಿದ್ದನ್ನ ಓಣಿಯ ಹೆಣ್ಮಕ್ಕಳು ನೋಡಿದರು,
ನೋಡದವರಂಗ ಕೊಡ ಹೊತ್ತು ಹೋದರು.
"ನೀಲಿ ನಂದು, ಹಳದಿ ಟೇಸನ್ದು.
ಈ ಹಸರ ಯಾರದು?"
ನನ್ನನ್ನ ಕೇಳಲಿಲ್ಲ ಆಕಿ, ನೀರು ಸೋರತಿದ್ದ ಅರಿವಿಯನ್ನ ಕೇಳಿದಳು.

ಮರುದಿನ ಹಗ್ಗ ಬರಿದು.
ಹುಡುಕಿಕೊಂಡು ಹಳಿಯ ತನಕ ಹೋದರ
ತಲಿಗೆ ಹಸರ ರುಮಾಲು ಸುತ್ತಿ
ಒಣ ಹೂವಿನ ಬೀಜ ಮುರಿದು ಮುರಿದು
ಉಡಿಗೆ ಹಾಕಿಕೊಳ್ಳತಿದ್ದಳು ಆಯಿ.
ವಾಡಿಯ ಗಾಡಿ ಹಾದು ಹೋತು,
ರುಮಾಲಿನ ಸೆರಗು ಎದ್ದು ಕುಂತಿತು.

ಮುಷ್ಟಿ ಬಿಚ್ಚಿ ಒಂದು ಹೂ ತೋರಿಸಿದಳು:
"ಎಂಟು ಅಂದಿದ್ದಿ.
ಇದಕ್ಕ ಏಳ ಅದಾವ.
ಬರಕೋ."