ಮುಕ್ಕಾಲು ವರ್ಷದ ಸೇವೆ

ಅರಾಲ್ಸ್ಕ್ ಪಟ್ಟಣದ ಪಿಂಚಣಿ ಕಚೇರಿ, ಮೂರನೇ ಕಿಟಕಿ.
ಆಚೆ ಉಪ್ಪುಗಾಳಿ. ಈಚೆ ನಾನು, ನನ್ನ ಮೊಹರು,
ಎದುರಿಗೆ ಕುಲ್ಯಾಷ್ ತೊರೆಮುರಾತೊವಾ,
ಉಂಗುರದ ಯುದ್ಧದಿಂದ ಮೊನ್ನೆ ಇಳಿದವಳು.
ಮೊಣಕಾಲಿಗೆ ಉಕ್ಕಿನ ಪಟ್ಟಿ,
ಕೈಯಲ್ಲಿ ಅಂಚು ಸುಟ್ಟ ಸೇವಾಪುಸ್ತಕ.

ನಿಯಮ ಹೇಳುತ್ತದೆ: ಸೇವೆಯನ್ನು
ಸೇವೆ ಸಲ್ಲಿಸಿದ ಗ್ರಹದ ವರ್ಷದಲ್ಲೇ ಎಣಿಸತಕ್ಕದ್ದು.
ಶನಿ ಸೂರ್ಯನನ್ನೊಮ್ಮೆ ಸುತ್ತಿ ಬರಲು
ನಮ್ಮ ಇಪ್ಪತ್ತೊಂಬತ್ತೂವರೆ ವರ್ಷ ಬೇಕು.
ಇವಳು ಅಲ್ಲಿದ್ದದ್ದು ಇಪ್ಪತ್ತೆರಡೂವರೆ.
ಅಂದರೆ ಮುಕ್ಕಾಲು ವರ್ಷ.
ಒಂದು ತುಂಬದೆ ಪಿಂಚಣಿ ಇಲ್ಲ.

ಹೇಳಿದೆ. ನಕ್ಕಳು.
'ನಮ್ಮ ಹಡಗಿನಲ್ಲೊಬ್ಬ ಸಿಂಹಳೀ ಮೆಕ್ಯಾನಿಕ್ ಇದ್ದ.
ಅವರ ಕಡೆ ಶನಿ ಹಿಡಿದರೆ ಏಳೂವರೆ ವರ್ಷವಂತೆ.
ನನ್ನನ್ನು ಮೂರು ಸಲ ಹಿಡಿದ, ಒಂದು ಸಲವೂ ಲೆಕ್ಕಕ್ಕೆ ಬರಲಿಲ್ಲ ನೋಡು.'

ಪುಟ ತಿರುವಿದೆ.
ಹತ್ತೊಂಬತ್ತಕ್ಕೆ ಭರ್ತಿ. ತಂದೆ: ಪಂಪು ರಿಪೇರಿ.
ಸೇರಲು ಕಾರಣ ಎಂಬ ಕಾಲಂನಲ್ಲಿ
ಎಳೆಯ ಕೈಬರಹದ ಒಂದೇ ಪದ: ನೀರು.
ಅವತ್ತಿನ ಭಿತ್ತಿಪತ್ರ ನನಗೂ ನೆನಪಿದೆ,
ನೀಲಿ ಮಂಜುಗಡ್ಡೆ ಹೊತ್ತ ನೌಕೆ,
ಕೆಳಗೆ ಮರಳಲ್ಲಿ ತುಕ್ಕು ಹಿಡಿದ ನಮ್ಮ ಮೀನುದೋಣಿಗಳು.
ಗೆದ್ದರೆ ಸಮುದ್ರ ವಾಪಸು ಎಂದಿದ್ದರು.

ಎರಡನೇ ದರ್ಜೆ ಗನ್ನರ್.
ಮೂರು ವರ್ಷ ಕೇಬಲ್ ಕಾವಲು, ಶತ್ರು ಕಂಡಿಲ್ಲ.
ಬಡ್ತಿ.
ಎಡಗಿವಿ ಹೋಯಿತು, ಪರಿಹಾರ ಮಂಜೂರು, ತಲುಪಿಲ್ಲ.
ಶಿಸ್ತುಕ್ರಮ: ತೂಕರಹಿತ ಕೋಣೆಯಲ್ಲಿ
ಅನಧಿಕೃತವಾಗಿ ಕುರ್ತ್ ಒಣಗಿಸಿದ್ದಕ್ಕೆ.
('ಎಂಟು ಉಂಡೆ. ಮೋಡದ ಮರಿಗಳ ಹಾಗೆ ತೇಲುತ್ತಿದ್ದವು.
ಕ್ಯಾಪ್ಟನ್ನೇ ಮೂರು ತಿಂದ.')

ಆಮೇಲೆ ಒಂದು ಪುಟ, ಒಂದೇ ಸಾಲು.
ಎದುರಾಳಿ ಮಂಜುನೌಕೆ ಧ್ವಂಸ. ಶೌರ್ಯಪದಕ.
ಬೆರಳು ಅಲ್ಲಿಟ್ಟು ನಾನು ತಲೆಯೆತ್ತಿದೆ.
ಅವಳು ಕಿಟಕಿಯಾಚೆ ನೋಡುತ್ತಿದ್ದಳು.
'ಹನ್ನೊಂದು ಜನ. ರೇಡಿಯೋ ತೆರೆದೇ ಇತ್ತು.
ಒಬ್ಬ ಊಟಕ್ಕೆ ಕರೆಯುತ್ತಿದ್ದ, ಯಾರದೋ ಹೆಸರು ಹಿಡಿದು.
ಮಂಜು ಚೂರುಚೂರಾಗಿ ಉಂಗುರಕ್ಕೆ ಸೇರಿತು.
ನಿಮ್ಮ ಶಾಲೆಯ ದೂರದರ್ಶಕದಲ್ಲಿ ನೋಡಿ,
ಎಲ್ಲೋ ಒಂದು ಎಳೆ ನನ್ನದು.'

ಚಹಾ ತರಿಸಿದೆ, ಉಪ್ಪು ಹಾಕಿ, ಒಂಟೆಹಾಲಿನದು.
ಅರ್ಧ ಕುಡಿದು, ಮಾತಿನ ನಡುವೆ,
ಬಟ್ಟಲನ್ನು ಗಾಳಿಯಲ್ಲೇ ಇಟ್ಟುಬಿಟ್ಟಳು.
ಅದು ಬಿತ್ತು. ಒಡೆಯಿತು.
ಇಪ್ಪತ್ತೆರಡೂವರೆ ವರ್ಷದಲ್ಲಿ ಹೆದರದವಳು
ಆ ಸದ್ದಿಗೆ ಹೆದರಿದಳು.

ನಾನು ಬಗ್ಗಿ ಚೂರು ಆಯುತ್ತಿರುವಾಗ ಕೇಳಿದಳು:
'ಸಮುದ್ರ ಈಗ ಎಷ್ಟು ದೂರ?'
ಏಳು ಕಿಲೋಮೀಟರ್.
'ನಾನು ಹೋಗುವಾಗ ಹದಿನೇಳಿತ್ತು.'
ಬೆರಳು ಮಡಿಸಿ ಎಣಿಸಿದಳು, ಎರಡು ಸಲ.
'ಹಾಗಾದರೆ ಬಂದಿದೆ. ನಮ್ಮದು ಬಂದಿದೆ.'

ಬಂದದ್ದು ಸಿರ್ ನದಿಯ ನೀರು.
ದಕ್ಷಿಣದ ಒಡ್ಡನ್ನು ನಾವೇ ಎತ್ತರಿಸಿದೆವು,
ನಾನೂ ಎರಡು ಬೇಸಿಗೆ ಮಣ್ಣು ಹೊತ್ತಿದ್ದೇನೆ.
ಆಕಾಶದಿಂದ ಒಂದು ಬಕೆಟ್ಟೂ ಇಳಿದಿಲ್ಲ.

ಹೌದು, ಅಕ್ಕಾ, ಎಂದೆ.
ಸೇವಾವಧಿ ಎಂಬಲ್ಲಿ ಇಪ್ಪತ್ತೆರಡೂವರೆ ಬರೆದು,
ಯಾವ ಗ್ರಹದ್ದು ಎಂಬ ಜಾಗದ ಮೇಲೆ
ಒದ್ದೆ ಮೊಹರನ್ನು ಒತ್ತಿದೆ,
ತುಸು ಹೆಚ್ಚೇ ಒತ್ತಿದೆ.