ಕಳ್ಳಜೇಬು

ಹುಕ್ಕಿನ ಡಬ್ಬಿ ಹದಿನೈದು ರೂಪಾಯಿ,
ಗಾಡಿ ನಿಲ್ಲಿಸಿದ್ದಕ್ಕೆ ಇಪ್ಪತ್ತು.
ಮೂಗಿಗಿಂತ ಮೂಗುತಿ ಭಾರ ಅಂದರೆ
"ಮೂಗು ನಿಮ್ದೇ ತಾನೇ ಅಕ್ಕ" ಅನ್ನುತ್ತಾನೆ.

ಮಾಮೂಲ್‌ಪೇಟೆ.
ಹೆಸರಿನಲ್ಲೇ ಇದೆಯಲ್ಲ, ಇನ್ನು ಯಾರನ್ನು ಕೇಳಲಿ?

ಬೋರ್ಡಿನಲ್ಲಿ ಹತ್ತು ಅಂತಿತ್ತು. ಸೊನ್ನೆಯ ಮೇಲೆ
ಯಾರದೋ ಟ್ಯೂಷನ್ನಿನ ಚೀಟಿ ಅಂಟಿ, ಈಗ ಬರೀ ಒಂದು.
ಅವನು ಹರಿದು ಕೊಡುವ ರಸೀತಿಗೆ ತಾರೀಖಿಲ್ಲ, ಹೊತ್ತಿಲ್ಲ,
ಗಾಡಿ ನಂಬರಿನ ಜಾಗದಲ್ಲಿ ಒಂದು ಗೀರು,
ಕೆಳಗೆ ಮಾತ್ರ ಅಚ್ಚುಕಟ್ಟಾಗಿ:
ಕಳುವಾದರೆ ನಾವು ಜವಾಬ್ದಾರರಲ್ಲ.
ಮತ್ತೆ ಯಾತಕ್ಕೆ ಸ್ವಾಮಿ ಜವಾಬ್ದಾರರು?
ಬಿಸಿಲು ನಿಮ್ಮದಲ್ಲ, ಹೊಂಡ ನಿಮ್ಮದಲ್ಲ,
ಸೀಟಿನ ಮೇಲೆ ಕಾಗೆ ಬರೆದದ್ದೂ ನಿಮ್ಮದಲ್ಲ.
ಫೋನಲ್ಲಿ ಹಾಕ್ತೀನಪ್ಪ ಅಂದರೆ
"ಅದು ಸೀದಾ ಸಾಹೇಬ್ರಿಗೆ ಹೋಗುತ್ತೆ, ಕ್ಯಾಶ್ ಕೊಡಿ."

ಒಂದು ದಿನ ಸಿಟ್ಟು ನೆತ್ತಿಗೇರಿ,
ಕೊರಳಲ್ಲೇ ಮರೆತು ಬಂದಿದ್ದ ಟೇಪು ಎಳೆದು
ಅಲ್ಲೇ ಬಗ್ಗಿ ಅಳೆದೆ ನನ್ನ ಸ್ಕೂಟಿಯ ನೆಲ.
ಉದ್ದ ಆರಡಿಗೆ ಎರಡಿಂಚು ಕಮ್ಮಿ,
ಹ್ಯಾಂಡಲ್ಲಿನ ಈ ತುದಿಯಿಂದ ಆ ತುದಿಗೆ ಎರಡೂಕಾಲು.
(ಮಣ್ಣು ಮಾಡುವವರು ಇನ್ನೊಂದಿಷ್ಟು ಅಗಲ ಬಿಡುತ್ತಾರೆ.)
ಹನುಮಂತನಗರದ ನನ್ನ ಅಂಗಡಿಯ ಬಾಡಿಗೆಯನ್ನು
ಅಡಿಗೆ ಭಾಗಿಸಿ, ಗಂಟೆಗೆ ಭಾಗಿಸಿ,
ಬಟ್ಟೆ ಗುರುತಿಸುವ ಸೀಮೆಸುಣ್ಣದಲ್ಲಿ ಬೀದಿಯ ಮೇಲೇ ಬರೆದೆ:
ಹತ್ತೊಂಬತ್ತು ಪಟ್ಟು ದುಬಾರಿ. ಗೋಡೆಯಿಲ್ಲ, ಫ್ಯಾನಿಲ್ಲ.
ಅವನು ನಿಂತು ಪೂರ್ತಿ ಓದಿದ.
"ಇಪ್ಪತ್ತು" ಅಂದ.

ಕೊಟ್ಟವಳು ಕೋಡಂಗಿ, ಈಸ್ಕೊಂಡವನು ಈರಭದ್ರ.
ಅವತ್ತಿನಿಂದ ಮನಸ್ಸಿನಲ್ಲಿ ಅವನಿಗೆ ಅದೇ ಹೆಸರು.

ಆಷಾಢ ಕಳೆದು ಮದುವೆ ರವಿಕೆಗಳು ರಾಶಿ ಬಿದ್ದವು.
ವಾರಕ್ಕೆ ಮೂರು ಸಲ ಪೇಟೆ, ಮೂರು ಇಪ್ಪತ್ತು.
ಒಂದು ಶನಿವಾರ ಸಂಜೆ ಈರಭದ್ರ ಬಾಯಿಂದ ಸೀಟಿ ತೆಗೆದು
"ಅಕ್ಕ, ನೀವು ಟೈಲರಲ್ವಾ?" ಅಂದ. ದನಿಯೇ ಬೇರೆ.
ಹೆಗಲ ಚೀಲ ಬಿಚ್ಚಿ ಕೊಟ್ಟ. ರೆಕ್ಸಿನ್ನು. ಜಿಪ್ಪು ಹಲ್ಲು ಬಿಟ್ಟಿತ್ತು.
"ಜಿಪ್ಪು ಹಾಕ್ಬೇಕು. ಹಂಗೇ ಒಳಗಡೆ, ಅಸ್ತರಿನ ಹಿಂದೆ,
ಒಂದು ಕಳ್ಳಜೇಬು.
ಸಾಯಂಕಾಲ ಚೀಲ ತಲೆಕೆಳಗೆ ಮಾಡಿ ಒದರ್ತಾರೆ.
ಒದರಿದ್ರೂ ಬೀಳಬಾರ್ದು."

ಎಷ್ಟು ಆಳ ಇರಲಿ?
"ಹತ್ತರ ನೋಟು, ನಾಲ್ಕು ಮಡಿಕೆ."

ಆ ಹತ್ತು ಯಾರದು ಅಂತ ನನಗೆ ಗೊತ್ತು.
ನನಗೆ ಗೊತ್ತು ಅಂತ ಅವನಿಗೂ ಗೊತ್ತು.
ಇಬ್ಬರೂ ಜಿಪ್ಪಿನ ಬಣ್ಣದ ಬಗ್ಗೆ ಮಾತಾಡಿದೆವು.

ಭಾನುವಾರ ಹೊಲಿದೆ. ಎರಡು ಸೂಜಿ ಮುರಿಯಿತು.
ಚೀಲದ ಮೂಲೆಯಲ್ಲಿ ನೀಲಗಿರಿ ಎಣ್ಣೆಯ ವಾಸನೆ, ಒಂದು ಲವಂಗ,
ಒಳಮಗ್ಗುಲಿಗೆ ಪೆನ್ನಿನಲ್ಲಿ, ಶಾಲೆ ಮಗುವಿನ ಗುಂಡು ಅಕ್ಷರ:
ಬೋರಲಿಂಗ ಟಿ.
ಆ ಇನ್ನೊಂದು ಹೆಸರನ್ನು ಅಲ್ಲಿಗೇ ಬಿಡಬೇಕಾಯಿತು.
ದಪ್ಪ ಹೆಂಗಸರ ರವಿಕೆಯ ಕಂಕುಳಿಗೆ ಹಾಕುವ ಹಾಗೆ
ಜೋಡಿ ಹೊಲಿಗೆ ಹಾಕಿದೆ. ಅದು ನನ್ನ ಕಸುಬು,
ಕಳ್ಳನ ಜೇಬಾದರೂ ಬಿಚ್ಚಿಕೊಂಡರೆ ನನಗೇ ಅವಮಾನ.

"ನಲವತ್ತು" ಅಂದೆ.
"ಚಿಲ್ರೆ ಇಲ್ವಲ್ಲಕ್ಕ."
ಚೀಲ ಗಲಗಲ ಅನ್ನುತ್ತಿತ್ತು.
ಎರಡು ಸಲ ಗಾಡಿ ಬಿಟ್ಟಿ ಅಂತ ಮಾತಾಯಿತು;
ಒಂದೇ ಸಲ ಬಿಟ್ಟ.

ಈ ಗುರುವಾರ ಮತ್ತೆ ಎರಡು ಹತ್ತು ಕೊಟ್ಟೆ.
ಒಂದು ಹೊರಗಿನ ಖಾನೆಗೆ ಬಿತ್ತು. ಇನ್ನೊಂದು
ನಾಲ್ಕು ಮಡಿಕೆಯಾಗಿ ಅಸ್ತರಿನ ಹಿಂದೆ,
ನನ್ನ ಎರಡೆಳೆ ದಾರದ ಆಚೆ.
ಯಾಕೋ ಕಿವಿಗೊಟ್ಟು ನಿಂತೆ,
ಎಲ್ಲಾದರೂ ಪಟ್ ಅನ್ನುತ್ತದೇನೋ ಅಂತ.
ಅನ್ನಲಿಲ್ಲ.

"ಒಂಚೂರು ಎಡಕ್ಕೆ ಒತ್ತಿ ಹಾಕಿ ಅಕ್ಕ" ಅಂದ ಬೋರಲಿಂಗ,
"ಕಾರು ಬರ್ತಾ ಇದೆ."